ನನ್ನ ರಕ್ತ ಹೊಳೆದ ದಿನ

ನಮ್ಮ ಕಡೆ ದೊಡ್ಡ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾರಿಗೆ ಬಂದಿದೆಯೋ ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಹಿರೇಗುತ್ತಿಯಲ್ಲಿದ್ದ ನನ್ನ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹೊಟ್ಟೆಯ ಕ್ಯಾನ್ಸರಿನಿಂದ ಸತ್ತಳು. ತನಗಿರುವುದು ಗ್ಯಾಸು ಎಂದೇ ಅವಳು ಕೊನೆಯ ತನಕ ತಿಳಿದಿದ್ದಳು, ಅಥವಾ ತಿಳಿದಿದ್ದಾಳೆ ಎಂದು ನಾವು ತಿಳಿದಿದ್ದೆವು. ಅವಳಿಗೆ ಸುಳ್ಳು ಹೇಳಿದವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದವಳು ನನ್ನ ಅಮ್ಮ. ಉಳಿದವರು ಕಣ್ಣು ತಪ್ಪಿಸುತ್ತಿದ್ದರು, ಮಾತಿನ ನಡುವೆಯೇ ಎದ್ದು ಹೋಗುತ್ತಿದ್ದರು. ಅಮ್ಮ ಮಾತ್ರ ಕುಮಟೆ ಪೇಟೆಯಲ್ಲಿ ಇಸವಾಣ ಮೀನಿನ ನಡುವಿನ ತುಂಡನ್ನೇ ಆರಿಸಿ ತಂದು, ಹುರಿದು, ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. "ಬರೀ ಗ್ಯಾಸು ಅಕ್ಕಾ, ಎಂತ ಆಗುದಿಲ್ಲ, ಒಂದು ಚೂರು ತಿನ್ನು" ಎಂದು ನಗುನಗುತ್ತ ಬಡಿಸುತ್ತಿದ್ದಳು. ಆಮೇಲೆ ಬಾವಿಯ ಹತ್ತಿರ ಹೋಗಿ ತುಂಬ ಹೊತ್ತು ಮುಖ ತೊಳೆದುಕೊಳ್ಳುತ್ತಿದ್ದಳು.

ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಅದೇ ಅಮ್ಮನ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಾಗ ನಾವು ಏನು ಹೇಳಿದರೂ ಅವಳು ನಂಬಲಿಲ್ಲ. ಕಲಿಸಿದವಳಿಗೇ ಪಾಠ ಒಪ್ಪಿಸುವ ಪಾಡು ನಮ್ಮದಾಯಿತು.

ನಾನು ಮಂಗಳೂರಿನ ಕಡೆ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತೇನೆ. ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಕೆಲಸ. ಗಡ್ಡೆಯಿಂದ ಕೆಲವು ಪುಟ್ಟ ಆರ್‌ಎನ್‌ಎ ತುಣುಕುಗಳು ರಕ್ತಕ್ಕೆ ಸೇರುತ್ತವೆ. ಅವುಗಳನ್ನು ಹಿಡಿಯಲು ಡಿಎನ್‌ಎಯ ಒಂದು ಚಿಕ್ಕ ಎಳೆಯನ್ನು ಹೇಳಿ ಮಾಡಿಸುತ್ತೇವೆ. ಅದು ತನ್ನ ಮೇಲೇ ಮಡಚಿಕೊಂಡು ಹೇರ್‌ಪಿನ್ನಿನ ಆಕಾರದಲ್ಲಿ ಕೂತಿರುತ್ತದೆ. ಪಿನ್ನಿನ ಒಂದು ತುದಿಗೆ ಹೊಳೆಯುವ ಬಣ್ಣ ಅಂಟಿಸಿರುತ್ತೇವೆ, ಇನ್ನೊಂದು ತುದಿಗೆ ಆ ಹೊಳಪನ್ನು ನುಂಗುವ ಒಂದು ಕಣ. ಎರಡೂ ತುದಿಗಳು ಒತ್ತಿಕೊಂಡಿರುವ ತನಕ ಕತ್ತಲೆ. ಹುಡುಕುತ್ತಿರುವ ತುಣುಕು ಬಂದು ಎಳೆಗೆ ಸರಿಯಾಗಿ ಕೂತರೆ ಪಿನ್ನು ಬಿಚ್ಚಿಕೊಳ್ಳುತ್ತದೆ, ತುದಿಗಳು ದೂರವಾಗುತ್ತವೆ, ನೀಲಿ ದೀಪದ ಕೆಳಗೆ ಅದು ಹಸಿರಾಗಿ ಹೊಳೆಯುತ್ತದೆ. ಇಷ್ಟನ್ನು ಅಮ್ಮನಿಗೆ ಅವಳ ತಲೆಯ ಪಿನ್ನನ್ನೇ ತೆಗೆದು ಬಿಡಿಸಿ ತೋರಿಸಿ ಹೇಳಿದ್ದೆ. ಅವಳು ಪಿನ್ನು ಹಾಳು ಮಾಡಿದೆ ಎಂದು ಬೈದಳು, ಆಮೇಲೆ ಕೇರಿಗೆಲ್ಲ ಸಾರಿದಳು. "ನಮ್ಮ ತಂಗಿ ರಕ್ತದಲ್ಲಿ ದೀಪ ಹಚ್ಚುದು ಕಲ್ತಿದ್ದಾಳೆ." ನಮ್ಮಲ್ಲಿ ಮಗಳನ್ನೂ ತಂಗಿ ಎಂದೇ ಕರೆಯುವುದು.

ದೀಪ ಹತ್ತುತ್ತಿತ್ತು ನಿಜ. ನಮ್ಮ ಉಪ್ಪುನೀರಿನಲ್ಲಿ, ಶುದ್ಧವಾದ ಟ್ಯೂಬಿನಲ್ಲಿ, ಎಷ್ಟು ಚಂದ ಹತ್ತುತ್ತಿತ್ತೆಂದರೆ ನೋಡುತ್ತ ಕೂತುಬಿಡಬೇಕು. ರಕ್ತಕ್ಕೆ ಬಂದರೆ ಎಲ್ಲ ಕೆಡುತ್ತಿತ್ತು. ರಕ್ತದಲ್ಲಿ ಡಿಎನ್‌ಎ ಎಳೆಗಳನ್ನು ಕತ್ತರಿಸುವ ಕಿಣ್ವಗಳಿರುತ್ತವೆ. ಅವು ನನ್ನ ಪಿನ್ನನ್ನು ತುಂಡು ಮಾಡುತ್ತಿದ್ದವು, ತುದಿಗಳು ಬೇರೆಯಾಗುತ್ತಿದ್ದವು, ಕಾಯಿಲೆ ಇಲ್ಲದಿದ್ದರೂ ಬೆಳಕು ಬರುತ್ತಿತ್ತು. ರೋಗಿಯ ರಕ್ತಕ್ಕೂ ಉಂಡುಟ್ಟು ಗಟ್ಟಿಯಾಗಿರುವವರ ರಕ್ತಕ್ಕೂ ಅದು ಒಂದೇ ರೀತಿ ಹೊಳೆಯುತ್ತಿತ್ತು. ಎಳೆಯನ್ನು ಬದಲಿಸಿದೆ, ಬಣ್ಣ ಬದಲಿಸಿದೆ, ನನ್ನ ಗೈಡಿನ ಮುಖ ನೋಡಲು ಹೆದರಿ ಬೇರೆ ಬಾಗಿಲಿನಿಂದ ಓಡಾಡಿದೆ. ನನಗೆ ಸಿಟ್ಟು ಬೇಗ. ಆ ದಿನಗಳಲ್ಲಂತೂ ಯಾರಾದರೂ "ನಿನ್ನ ಕೆಲಸ ಎಲ್ಲಿಗೆ ಬಂತು" ಎಂದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅಂಥ ದಿನಗಳಲ್ಲೇ ರಜೆಗೆಂದು ಹೊಳನಗದ್ದೆಯ ಮನೆಗೆ ಬಂದಿದ್ದೆ. ಈರುಳ್ಳಿ ಕಿತ್ತಾಗಿತ್ತು. ಅಂಗಳದಲ್ಲಿ ಕೂತು ಅಮ್ಮ ಒಣಗಿದ ಸೊಪ್ಪು ಸೇರಿಸಿ ಈರುಳ್ಳಿಯ ಗೊಂಚಲು ಹೆಣೆಯುತ್ತಿದ್ದಳು. ಹೆದ್ದಾರಿಯ ಬದಿಯಲ್ಲಿ ತೂಗುಹಾಕಿ ಮಾರುತ್ತಾರಲ್ಲ, ಆ ಸಿಹಿ ಈರುಳ್ಳಿ. ಹೆಣೆಯುತ್ತಲೇ, ತಲೆ ಎತ್ತದೆ, "ಇಲ್ಲೊಂದು ಗಡ್ಡೆ ಆಗ್ಯದೆ, ನೋವಿಲ್ಲ" ಎಂದಳು. ನಾನು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು, ಜಾರುತ್ತಿರಲಿಲ್ಲ.

ಕುಮಟೆಯ ಡಾಕ್ಟರಮ್ಮ ಪರೀಕ್ಷಿಸಿ ನೇರವಾಗಿ ಹೇಳಿದರು. ದೊಡ್ಡ ಆಸ್ಪತ್ರೆಗೆ ಹೋಗಬೇಕು, ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ನೋಡಬೇಕು, ತಡ ಮಾಡಬಾರದು. ದೊಡ್ಡ ಆಸ್ಪತ್ರೆ ಎಂದರೆ ಹೊನ್ನಾವರ ದಾಟಿ, ಭಟ್ಕಳ ದಾಟಿ, ಜಿಲ್ಲೆಯನ್ನೇ ದಾಟಿ ಹೋಗಬೇಕು. ಅದು ನಮಗೆ ಹೊಸತಲ್ಲ. ಅಮ್ಮನ ಅಡ್ಡಿ ದಾರಿಯದ್ದಲ್ಲ, ಸೂಜಿಯದ್ದು.

"ಅಕ್ಕನಿಗೆ ಚೂರು ತೆಗ್ದ ಮೇಲೇ ಹಬ್ಬಿದ್ದು. ಅಲ್ಲೀವರೆಗೆ ಗದ್ದೆಗೆ ಹೋಗ್ತಿದ್ಲು. ನಾ ಸೂಜಿ ಹಾಕ್ಸುದಿಲ್ಲ."

"ಸೂಜಿಯಿಂದ ಹಬ್ಬಿದ್ದಲ್ಲ ಅಮ್ಮ, ಮೊದಲೇ ಹಬ್ಬಿತ್ತು."

"ನೀ ಇದ್ದೀಯಲ್ಲ? ನಿನ್ನ ದೀಪ ಹಚ್ಚಿ ನೋಡು. ಹತ್ತಿದ್ರೆ ಹೋಗ್ವ. ಹತ್ತದಿದ್ರೆ ಸುಮ್ನೆ ಯಾಕೆ ಗಡ್ಡೆ ಕೆದಕುದು?"

ನನ್ನ ಪರೀಕ್ಷೆ ಇನ್ನೂ ರಕ್ತದಲ್ಲಿ ನಡೆಯುವುದಿಲ್ಲ, ಅದು ಬರೀ ಪ್ರಯೋಗದ ಹಂತ ಎಂದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಒಂದು ವಾರ ಬಿಟ್ಟು ಬಂದಾಗ ಅವಳು ಅಡುಗೆಮನೆಯಿಂದ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದಿಟ್ಟಳು. ಒಳಗೆ ಮೀನಿನ ಐಸು, ಐಸಿನ ನಡುವೆ ಪ್ಲಾಸ್ಟಿಕ್ ಸುತ್ತಿದ ರಕ್ತದ ಟ್ಯೂಬು. ಕುಮಟೆಯ ಲ್ಯಾಬಿಗೆ ಸಕ್ಕರೆ ಪರೀಕ್ಷೆಗೆ ಹೋದವಳು ಅಲ್ಲಿಯ ಹುಡುಗಿಯನ್ನು ಪುಸಲಾಯಿಸಿ ಒಂದು ಟ್ಯೂಬು ಹೆಚ್ಚಿಗೆ ತುಂಬಿಸಿಕೊಂಡಿದ್ದಳು. ಮನೆಗೆ ಮೀನು ತರುವ ಕೊಂಕಣಿ ಅಕ್ಕನ ಹತ್ತಿರ ಐಸು ತೆಗೆದುಕೊಂಡಿದ್ದಳು. "ಬಂಗಡೆ ಎರಡು ದಿನ ಕೆಡುದಿಲ್ಲ, ರಕ್ತ ಕೆಡ್ತದಾ?" ಎಂದು ಅವರಿಬ್ಬರೂ ಸೇರಿ ತೀರ್ಮಾನ ಮಾಡಿದ್ದರು. ಐಸಿಗೆ ಉಪ್ಪು ಸೇರಿ ಕೊರೆತ ಹೆಚ್ಚಾಯಿತೋ ಏನೋ, ರಕ್ತ ಐಸಿನಂತೆ ಗಟ್ಟಿಯಾಗಿ, ಕಣಗಳೆಲ್ಲ ಒಡೆದು, ಟ್ಯೂಬು ಪೂರ್ತಿ ಒಂದೇ ಕೆಂಪಾಗಿತ್ತು. ಮೀನಿನ ವಾಸನೆ ಬೇರೆ. ನನಗೆ ನಗುವೂ ಬಂತು, ಅಳುವೂ ಬಂತು. ಇದನ್ನು ಪರೀಕ್ಷಿಸಲು ಬರುವುದಿಲ್ಲ, ಸರಿಯಾಗಿ ತಂದಿದ್ದರೂ ಅನುಮತಿ ಇಲ್ಲದೆ ರೋಗಿಯ ರಕ್ತ ಮುಟ್ಟುವ ಹಾಗಿಲ್ಲ ಎಂದೆ.

"ರೋಗಿ" ಎಂಬ ಮಾತು ಬಾಯಿಂದ ಬಿದ್ದಿದ್ದೇ ತಡ, ಅಮ್ಮ "ಆತು ಬಿಡು" ಎಂದು ಪೆಟ್ಟಿಗೆ ಮುಚ್ಚಿದಳು. ಕಂಡಲ್ಲಿ ಎಸೆಯಬಾರದೆಂದು ಆ ಟ್ಯೂಬನ್ನು ನಾನೇ ಮಂಗಳೂರಿಗೆ ಒಯ್ದೆ.

ಅಲ್ಲಿಂದ ಮುಂದೆ ಅವಳು ಕೇಳುವುದನ್ನೇ ನಿಲ್ಲಿಸಿದಳು. ಉಪ್ಪಿನಕಾಯಿ ಭರಣಿ ಎಲ್ಲಿದೆ, ಗಂಜಿಗೆ ನೀರೆಷ್ಟು ಎಂದು ಅಪ್ಪನಿಗೆ ಹೇಳಿಕೊಡತೊಡಗಿದಳು. ಒಳ್ಳೆಯ ಸೀರೆಯೊಂದನ್ನು ಪಕ್ಕದ ಮನೆಗೆ ಕೊಟ್ಟಳು. ಇದೆಲ್ಲ ಏನು ಎಂದು ಜಗಳಕ್ಕೆ ನಿಂತೆ. ಆಗ ಅವಳು ಹೇಳಿದಳು: "ಆ ಟ್ಯೂಬು ಒಯ್ದು ನೀ ಆಗ್ಲೇ ದೀಪ ಹಚ್ಚಿ ನೋಡಿದ್ದೆ. ಹತ್ತಿತ್ತು. ಹೇಳೂಕೆ ಆಗುದಿಲ್ಲ ನಿಂಗೆ. ನಡಿಯುದಿಲ್ಲ, ಅನುಮತಿ ಇಲ್ಲ, ಎಂತೆಂತದೋ ಹೇಳ್ತೆ. ನಾ ಅಕ್ಕನಿಗೆ ಹೇಳಿದ್ದು ಇದಕ್ಕಿಂತ ಚಂದ ಇತ್ತು ತಂಗಿ."

ಕುತ್ತಿಗೆಗೆ ಬಂತು ನನಗೆ. ಹತ್ತಿಲ್ಲ ಎಂದರೆ ಸುಳ್ಳು, ಮೇಲಾಗಿ ಅವಳು ಗಡ್ಡೆ ಇಟ್ಟುಕೊಂಡು ಮನೆಯಲ್ಲೇ ಕೂರುತ್ತಾಳೆ. ಹತ್ತಿದೆ ಎಂದರೂ ಸುಳ್ಳು. ಅದನ್ನು ಕೇಳಿದವಳು ಆಸ್ಪತ್ರೆಗೆ ಹೋಗುತ್ತಾಳೋ, ಅಕ್ಕನ ದಾರಿ ಹಿಡಿದೆ ಎಂದು ಕೈಚೆಲ್ಲಿ ಮಲಗುತ್ತಾಳೋ ಯಾರು ಬಲ್ಲರು? ನಿಜ ಹೇಳಿದರೆ ಅದು ಅವಳ ಕಿವಿಗೆ ಬಚ್ಚಿಡುವವರ ಮಾತು. ಎಲ್ಲಿ ತಿರುಗಿದರೂ ಗೋಡೆ. ಅಪ್ಪ ರಿಟೈರಾದ ಬಸ್ ಕಂಡಕ್ಟರು. ಜೀವಮಾನವೆಲ್ಲ ಕುಮಟೆ ಭಟ್ಕಳ ಓಡಾಡಿದವನು, ಜಗಳ ಕಂಡರಾಗದು. ನನ್ನನ್ನು ಕೊಟ್ಟಿಗೆಯ ಹಿಂದೆ ಕರೆದು, "ಹೊಳೀತು ಅಂತ ಹೇಳ್ಬಿಡು ತಂಗಿ. ಬಸ್ಸು ಹತ್ತಿಸೂದು ನನ್ಗೆ ಬಿಡು" ಎಂದ. ಅಪ್ಪನ ಮೇಲೆ ರೇಗಿದೆ. ರೇಗಿ, ಒಬ್ಬಳೇ ಗದ್ದೆಯ ಅಂಚಿಗೆ ಹೋಗಿ ಅತ್ತೆ. ದಿನ ಕಳೆದಂತೆ ಗಡ್ಡೆ ಬೆಳೆಯುತ್ತಿತ್ತು, ನನ್ನದೇ ಕೆಲಸ ಅವಳ ದಾರಿಗೆ ಅಡ್ಡ ನಿಂತಿತ್ತು. ಅಂಥ ಉಸಿರು ಕಟ್ಟುವ ದಿನಗಳನ್ನು ನಾನು ಮೊದಲು ಕಂಡಿರಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಹೇಳಿದರೆ ನಂಬುವುದಿಲ್ಲ, ಕಣ್ಣಾರೆ ಕಂಡರೆ ನಂಬಲೇಬೇಕಲ್ಲ? ಶಿಬಿರಗಳಿಗೆ ಒಯ್ಯಲೆಂದು ನಮ್ಮಲ್ಲಿ ಒಂದು ಪುಟ್ಟ ಪೆಟ್ಟಿಗೆ ಮಾಡಿದ್ದರು. ಒಳಗೆ ನೀಲಿ ದೀಪ, ಎದುರಿಗೆ ಕಿತ್ತಳೆ ಬಣ್ಣದ ಹಾಳೆ, ಟ್ಯೂಬು ಇಡಲು ತೂತುಗಳು. ಗೈಡಿಗೆ ವಿಷಯ ತಿಳಿಸಿ ಅದನ್ನೂ ಎಳೆಯ ದ್ರಾವಣವನ್ನೂ ತಂದೆ. ಯೋಚನೆ ಸರಳವಾಗಿತ್ತು. ನನ್ನದೇ ರಕ್ತ ಹಾಕಿ ತೋರಿಸುವುದು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನನ್ನ ರಕ್ತವೂ ಹೊಳೆಯುವುದನ್ನು ಕಂಡರೆ ಈ ಪರೀಕ್ಷೆಗೆ ಅರ್ಥವಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಆಮೇಲೆ ಉಳಿಯುವುದು ಸೂಜಿ ಒಂದೇ.

ಬೆಳಿಗ್ಗೆ ಕುಮಟೆಯಲ್ಲಿ ರಕ್ತ ತೆಗೆಸಿಕೊಂಡು ಬಂದೆ. ಟ್ಯೂಬನ್ನು ಲೋಟದಲ್ಲಿ ನಿಲ್ಲಿಸಿದೆ. ರಕ್ತ ಹೆಪ್ಪುಗಟ್ಟಿ ಕೆಳಗೆ ಕೂತು, ಮೇಲೆ ತಿಳಿಹಳದಿ ನೀರು ನಿಂತಿತು. ಆ ನೀರನ್ನು ದ್ರಾವಣಕ್ಕೆ ಬೆರೆಸಿ, ಮಧ್ಯಾಹ್ನದ ಊಟದ ಹೊತ್ತಿನ ತನಕ ಬಿಟ್ಟೆ. ಇನ್ನೊಂದು ಟ್ಯೂಬಿನಲ್ಲಿ ಬರೀ ದ್ರಾವಣ. ಈರುಳ್ಳಿ ತೂಗುಹಾಕುವ ಕೋಣೆಗೆ ಕಿಟಕಿಯಿಲ್ಲ. ಅಮ್ಮನನ್ನು ಒಳಗೆ ಕರೆದು ಬಾಗಿಲು ಹಾಕಿದೆ. ಅಪ್ಪ ಹೊರಗೆ ನಿಂತ. ಸೆಕೆ, ಈರುಳ್ಳಿಯ ಘಾಟು, ತಲೆಗೆ ತಾಗುವ ಗೊಂಚಲುಗಳು.

ದೀಪ ಹಾಕಿದೆ. ಬರೀ ದ್ರಾವಣ ಕತ್ತಲಾಗಿಯೇ ಇತ್ತು. ಪಕ್ಕದ ಟ್ಯೂಬು ಹಸಿರಾಗಿ ಹೊಳೆಯುತ್ತಿತ್ತು.

"ನೋಡಿದೆಯಾ? ಇದು ನನ್ನ ರಕ್ತ. ನನಗೆ ಏನೂ ಕಾಯಿಲೆ ಇಲ್ಲ. ಆದರೂ ಹೊಳೆಯುತ್ತದೆ. ರಕ್ತದಲ್ಲಿರುವ ಕಿಣ್ವ ಪಿನ್ನನ್ನು ಕತ್ತರಿಸುತ್ತದೆ, ಅದಕ್ಕೆ. ಈ ಪರೀಕ್ಷೆ ಸುಳ್ಳು ಹೇಳುತ್ತದೆ ಅಮ್ಮ. ಇದನ್ನು ನಂಬಬೇಡ."

ಅಮ್ಮ ಕತ್ತಲಲ್ಲಿ ನನ್ನ ಮೊಣಕೈ ಹಿಡಿದಳು. ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನೋವಾಯಿತು. ಅರ್ಥವಾಯಿತು ಎಂದುಕೊಂಡೆ, ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಏಳುವಾಗ ಅವಳು ಹೊರಡುವ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಚೀಲ. ಚೀಲದಲ್ಲಿ ನನ್ನ ಬಟ್ಟೆಗಳೂ ಇದ್ದವು.

"ನಡಿ, ಆಸ್ಪತ್ರೆಗೆ ಹೋಗ್ವ. ಇಬ್ರೂ ತೋರ್ಸ್ಕಂಡು ಬರ್ವ. ನೀ ಹೆದರ್ಬೇಡ, ಮೊದ್ಲು ನಾ ಚುಚ್ಚಿಸ್ಕಂತೆ. ನೀ ನೋಡು. ನೋಡಿದ್ರೆ ಹೆದರಿಕೆ ಹೋಗ್ತದೆ."

ಆಗ ತಿಳಿಯಿತು ನನಗೆ, ಅವಳು ಕಂಡದ್ದೇನು ಎಂದು. ನಾನು ತೋರಿಸಿದ್ದು ಕೆಟ್ಟ ಪರೀಕ್ಷೆಯನ್ನು. ಅವಳು ನೋಡಿದ್ದು ಹೊಳೆಯುವ ಮಗಳ ರಕ್ತವನ್ನು. ಕಾಯಿಲೆ ಬಿದ್ದ ಮಗಳು ಅಮ್ಮನಿಗೆ ನೋವಾಗಬಾರದೆಂದು ಕಿಣ್ವ ಗಿಣ್ವ ಎಂದು ಕತೆ ಕಟ್ಟುತ್ತಿದ್ದಾಳೆ, ಅಷ್ಟೇ. ತನಗೆ ಬೇಡವೆಂದ ಸೂಜಿ ಮಗಳಿಗೆ ಬೇಕು ಎಂದಾಗ ಅವಳ ಹಟವೆಲ್ಲ ಎಲ್ಲಿ ಹೋಯಿತೋ.

ನಾನು ಸುಮ್ಮನಿರಲಿಲ್ಲ ಎನ್ನುವುದನ್ನು ಬರೆದಿಡಬೇಕು. ಬಸ್ಸಿನಲ್ಲಿ ಕೂತಾಗಿನಿಂದ ನಿಜವನ್ನೇ ಹೇಳುತ್ತ ಬಂದೆ. ಅಪ್ಪನ ಹಳೆಯ ಪರಿಚಯದ ಕಂಡಕ್ಟರು ಮುಂದಿನ ಸೀಟು ಕೊಡಿಸಿದ್ದ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವಾಗ ಅಮ್ಮ ನನ್ನ ಕೈ ಹಿಡಿದು ಕೂತಿದ್ದಳು. "ಅಮ್ಮ, ದೇವರಾಣೆ, ನನಗೆ ಏನೂ ಇಲ್ಲ" ಎಂದೆ. "ಹೌದು ಹೌದು, ಎಂತ ಇಲ್ಲ" ಎಂದಳು. ದೊಡ್ಡಮ್ಮನಿಗೆ ಹೇಳುತ್ತಿದ್ದ ದನಿ. ಅದೇ ನಗು.

ಭಟ್ಕಳದಲ್ಲಿ ಬಸ್ಸು ನಿಂತಿತು. ಅಮ್ಮ ಇಳಿದು ಮಲ್ಲಿಗೆಯ ದಂಡೆ ಕೊಂಡಳು. ತನಗಲ್ಲ, ನನಗೆ. ನನ್ನ ತಲೆಗೆ ಮುಡಿಸಿ ತನ್ನ ಪಿನ್ನು ತೆಗೆದು ಸಿಕ್ಕಿಸಿದಳು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವಾಗ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹುಡುಗರೊಡನೆ ತಮ್ಮ ನವಾಯತಿ ಭಾಷೆಯಲ್ಲಿ ಮಾತಾಡುತ್ತಿದ್ದ ಮುದುಕರು ಅಪ್ಪನ ಗುರುತು ಹಿಡಿದು ಕನ್ನಡಕ್ಕೆ ತಿರುಗಿದರು.

"ಎಲ್ಲಿಗೆ, ಕಂಡಕ್ಟರ್ ಸಾಬ್, ಮನೆಮಂದಿಯೆಲ್ಲ?"

"ಆಸ್ಪತ್ರೆಗೆ."

"ಯಾರಿಗೆ?"

ಅಮ್ಮ ಕಣ್ಣಲ್ಲೇ ನನ್ನನ್ನು ತೋರಿಸಿದಳು. ಮುದುಕರ ಮುಖ ಇಳಿಯಿತು. "ಸಣ್ಣ ಪ್ರಾಯ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, "ಅಲ್ಲಾ ಒಳ್ಳೇದು ಮಾಡ್ತಾನೆ, ಬೇಟಾ" ಎಂದು ನನ್ನ ಕಡೆ ಕೈಯೆತ್ತಿದರು. ಹಾಗಲ್ಲ, ಕಾಯಿಲೆ ಇವಳಿಗೆ ಎಂದು ಎದ್ದು ಕೂಗಬೇಕೆನಿಸಿತು. ಕೂಗಿ ಅವಳು ನಂಬಿದಳೆನ್ನಿ. ಆಗ ಅವಳು ಅಲ್ಲಿಂದಲೇ ಕುಮಟೆಯ ಬಸ್ಸು ಹತ್ತುತ್ತಿದ್ದಳು. ಮಲ್ಲಿಗೆ ಮುಡಿದುಕೊಂಡು, ರೋಗಿಯಾಗಿ, ಬಸ್ಸಿಗೆ ಮರಳಿದೆ.

ಆಸ್ಪತ್ರೆಯಲ್ಲಿ ಅಮ್ಮ ಕೊಟ್ಟ ಮಾತಿನಂತೆ ನಡೆದುಕೊಂಡಳು. ಸೂಜಿ ಹಾಕುವಾಗ ಮುಖ ಕಿವುಚದೆ ನನ್ನನ್ನೇ ನೋಡುತ್ತಿದ್ದಳು. ಮುಗಿದ ಕೂಡಲೇ ಎದ್ದು ಕೂತು, "ಇಷ್ಟೇ, ಇರುವೆ ಕಚ್ಚಿದಷ್ಟು. ಈಗ ಅವಳಿಗೆ ಮಾಡಿ" ಎಂದಳು. ಡಾಕ್ಟರು ಗಲಿಬಿಲಿಗೊಂಡರು. ನಾನು ಅವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದೆ. ಅದು ಇನ್ನೊಂದು ಎಡವಟ್ಟು. ಅಮ್ಮನ ಎದುರು ಡಾಕ್ಟರೂ ಮಗಳೂ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಡಾಕ್ಟರು ಒಳ್ಳೆಯವರು, ಅವಳ ಸಮಾಧಾನಕ್ಕೆಂದು ನನಗೂ ಸ್ಕ್ಯಾನ್ ಮಾಡಿಸಿ, "ನಿಮ್ಮ ಮಗಳಿಗೆ ಏನೂ ಇಲ್ಲ" ಎಂದರು. ಅಮ್ಮ ಕೈಮುಗಿದಳು. ಹೊರಗೆ ಬಂದ ಮೇಲೆ ಅಪ್ಪನಿಗೆ, "ಪಾಪ, ಚಲೋ ಹೇಳ್ತಾರೆ" ಎಂದಳು.

ಅಮ್ಮನ ಗಡ್ಡೆ ಕೆಟ್ಟದ್ದೇ ಆಗಿತ್ತು. ಆದರೆ ಇನ್ನೂ ಬೇರೆಲ್ಲಿಗೂ ಹೋಗಿರಲಿಲ್ಲ. ಅದನ್ನು ಅವಳಿಗೆ ನಾವು ಬಚ್ಚಿಡಲಿಲ್ಲ, ಹೆಸರು ಹಿಡಿದೇ ಹೇಳಿದೆವು. ಅವಳು ಕೇಳಿಸಿಕೊಂಡು, "ಆತು. ತಂಗೀದು ಎಂತ ಬಂತು?" ಎಂದಳು. ಆಪರೇಷನ್ನು, ಔಷಧಿ, ಉದುರಿದ ಕೂದಲು, ಬಾಯಿಹುಣ್ಣು, ಎಲ್ಲವನ್ನೂ ದಾಟಿದಳು. ನನಗೆ ದಾರಿ ತೋರಿಸಲಿಕ್ಕೆ ಮುಂದೆ ನಡೆಯುತ್ತಿದ್ದೇನೆ ಎಂಬ ಹಾಗೆ ದಾಟಿದಳು. ವಾಂತಿ ಮಾಡಿ ಬಾಯಿ ಒರೆಸಿಕೊಂಡು, "ತಡ್ಕಳೂಕೆ ಆಗ್ತದೆ ತಂಗಿ, ಹೆದರ್ಬೇಡ" ಎನ್ನುತ್ತಿದ್ದಳು. ತಲೆ ಬೋಳಾದ ಮೇಲೆ ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿ ನನಗೆ ಕೊಟ್ಟಳು.

ಈಗ ಅವಳ ತಲೆಯಲ್ಲಿ ಕೂದಲು ಬಂದಿದೆ, ಗುಂಗುರು ಗುಂಗುರಾಗಿ. ಅಂಗಳದಲ್ಲಿ ಕೂತು ಮತ್ತೆ ಈರುಳ್ಳಿ ಹೆಣೆಯುತ್ತಾಳೆ. ನನ್ನ ಎಳೆಗೆ ರಕ್ತದ ಕಿಣ್ವಗಳು ಕತ್ತರಿಸಲಾಗದ ಹೊಸ ರಚನೆ ಕೊಟ್ಟಿದ್ದೇವೆ. ಈಗ ಅದು ಅಷ್ಟು ಸುಳ್ಳು ಹೇಳುವುದಿಲ್ಲ, ಪೂರ್ತಿ ನಿಜವನ್ನೂ ಹೇಳುವುದಿಲ್ಲ. ಕೆಲಸ ನಡೆಯುತ್ತಿದೆ.

ಒಂದು ಸಲ, ಇನ್ನು ಸಾಕು ಎಂದು, ಹೊಸ ಎಳೆಯಲ್ಲಿ ನನ್ನ ರಕ್ತ ಹಾಕಿ, ಕತ್ತಲಾಗಿ ಉಳಿದ ಟ್ಯೂಬನ್ನು ಅಮ್ಮನಿಗೆ ತೋರಿಸಿದೆ. ಅವಳ ಮುಖ ಅರಳಿತು. "ಗುಣ ಆತು ಹಂಗಾರೆ!" ಎಂದಳು. ಅವಳ ಆ ಸಲದ ತಪಾಸಣೆಗೆ ಹೊರಡುವ ದಿನ, "ನಿಂದು ಗುಣ ಆತಲ್ಲ, ಇನ್ನು ಅಷ್ಟು ದೂರ ಯಾಕೆ" ಎಂದು ಚೀಲವನ್ನೇ ತೆಗೆಯಲಿಲ್ಲ. ಅಪ್ಪ ಗೋಗರೆದ. ನಾನು ರೇಗಿದೆ. ಅವಳು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ನಾನು ಹೊಟ್ಟೆ ಹಿಡಿದುಕೊಂಡು, ಯಾಕೋ ಇತ್ತೀಚೆಗೆ ಸರಿಯಿಲ್ಲ ಅಮ್ಮ ಎಂದೆ. ಅಷ್ಟಕ್ಕೇ ಚೀಲ ಹೊರಬಂತು.

ಹೋದ ವಾರ ಮನೆಗೆ ಹೋದಾಗ ಮೀನಿನ ಅಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸಿ ನನ್ನನ್ನು ನೋಡಿ, "ಸೊರಗಿದಾಳಲ್ಲ, ಎಂತ ಆತು ಮಗಳಿಗೆ?" ಎಂದು ಅಮ್ಮನನ್ನು ಕೇಳಿದಳು. ನಾನು ಒಳಗೆ ಹೋದರೂ ಮಾತು ಕೇಳಿಸುವಷ್ಟು ಹತ್ತಿರದಲ್ಲಿದ್ದೆ.

"ಎಂತ ಇಲ್ಲ. ಬರೀ ಗ್ಯಾಸು" ಎಂದಳು ಅಮ್ಮ. ಆಮೇಲೆ ದನಿ ತಗ್ಗಿಸಿ, "ಇಸವಾಣ ಅದೆಯಾ? ನಡು ತುಂಡು ಕೊಡು" ಎಂದಳು.

ಬಾವಿಯ ಹತ್ತಿರ ನೀರು ಸುರಿಯುವ ಸದ್ದು ತುಂಬ ಹೊತ್ತು ಕೇಳಿತು. ಊಟಕ್ಕೆ ಕೂತಾಗ ಹುರಿದ ತುಂಡು ನನ್ನ ತಟ್ಟೆಗೆ ಬಿತ್ತು. ಅಪ್ಪನಿಗಿಲ್ಲ, ಅವಳಿಗಿಲ್ಲ. ಎದುರಿಗೆ ಕೂತು ನಗುತ್ತಿದ್ದಳು, ಕೆನ್ನೆಯಲ್ಲಿ ಇನ್ನೂ ನೀರಿತ್ತು.

"ತಿನ್ನು ತಂಗಿ. ಎಂತ ಆಗುದಿಲ್ಲ."

ನಾನು ಮುರಿದು ಬಾಯಿಗಿಟ್ಟೆ. "ಮುಂದಿನ ಸಲವೂ ನೀನೇ ಕರೆದುಕೊಂಡು ಹೋಗಬೇಕು ಅಮ್ಮ, ಒಬ್ಬಳೇ ಹೋಗಲು ನನಗೆ ಹೆದರಿಕೆ" ಎಂದೆ.